ಮಾದಪ್ಪನ ಮೊದಲ ಕಾಯಿ

ತಿಗನಾರೆಯಲ್ಲಿ ಮೊದಲ ದೊಡ್ಡ ಹಸಿರುಮನೆ ಕಟ್ಟಿಸಿದವರು ನಮ್ಮತ್ತೆ ವಸಂತಮ್ಮ. ಹಾಕಿದ್ದೆಲ್ಲ ಸಗಣಿ, ಗಂಜಲ. ಔಷಧಿ ಒಂದು ತೊಟ್ಟೂ ಇಲ್ಲ. ಬಿಳಿ ಶೀಟಿನ ಒಳಗೇನಿದೆಯೆಂದು ಕಾಣದ ಊರು ತಾನೇ ತೀರ್ಮಾನ ಮಾಡಿಬಿಟ್ಟಿತು: ಗಾಂಜಾ!

ಪೊಲೀಸ್ ಜೀಪು ಬಂದಾಗ ತಮಾಷೆ ನೋಡಲು ಅರ್ಧ ಊರೇ ಹಿಂದೆ ಬಂತು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಬೂಟು ಬುಟ್ಟು ಬನ್ನಿ ಸಾರ್.”

“ಇದೇನಮ್ಮ, ದೇವಸ್ಥಾನವಾ?” ಎಂದರು ಇನ್‌ಸ್ಪೆಕ್ಟರ್.

“ಮೊದಲ್ನೇ ಬೆಳೆ ಸಾರ್. ಮೊದಲ ಕಾಯಿ ಮಾದಪ್ಪನ ಮೀಸಲು. ಅದ ಕೀಳೋಗಂಟ ಯಾರೂ ಮೆಟ್ಟು ಆಕ್ಕಂಡು ಒಳಕ್ಕೆ ಓಗಂಗಿಲ್ಲ. ನಾನೂ ಅಷ್ಟೆ.”

ಅವರು ಅತ್ತೆಯ ಬರಿಗಾಲನ್ನು ನೋಡಿ, ಗೊಣಗುತ್ತ ಬೂಟು ಬಿಚ್ಚಿದರು. ಒಳಗೆ ಸಾಲುಸಾಲಾಗಿ ಕೆಂಪು, ಹಳದಿ ದಪ್ಪ ಮೆಣಸಿನಕಾಯಿ ತೂಗುತ್ತಿತ್ತು. ಅವರ ಕೈ ತಾನಾಗಿಯೇ ಒಂದು ಕಾಯಿಯತ್ತ ಚಾಚಿತು.

“ಮೊದ್ಲು ಮಾದಪ್ಪನ ಮೀಸಲು ಆಗ್ಲಿ ಸಾರ್,” ಎಂದರು ಅತ್ತೆ. ಕೈ ಹಿಂದೆ ಹೋಯಿತು.

ಹೊರಗೆ ಬಂದು ನೋಡಿದರೆ ಇನ್‌ಸ್ಪೆಕ್ಟರಿಗೆ ತಮ್ಮ ಬೂಟು ಕಾಣಲಿಲ್ಲ. ಬಾಗಿಲ ತುಂಬ ಚಪ್ಪಲಿಯ ರಾಶಿ. ಗಾಂಜಾ ಅಂದವರೆಲ್ಲ ಬರಿಗಾಲಲ್ಲಿ ಒಳಗೆ ನುಗ್ಗಿ, ಬಾಯಿ ಬಿಟ್ಟುಕೊಂಡು ನಿಂತಿದ್ದರು.

“ನಿದಾನ್ಕೆ ಉಡ್ಕಿ ಸಾರ್,” ಎಂದರು ಅತ್ತೆ, ಸೊಂಟದ ಮೇಲೆ ಕೈಯಿಟ್ಟು. “ಊರೇ ಒಳಗದೆ.”