ಗುಡಿಸಿದ್ದು ಯಾರು

ಚಳಿಗಾಲದ ಮೊದಲ ವಾರ, ಬೆಳಗ್ಗೆ ಹಾಲು ಕಾಯುವ ಹೊತ್ತು. ನನ್ನ ಜೊತೆಗಿದ್ದ ಮೊಮ್ಮಗಳು ಬಾಚಣಿಗೆ ಹಿಡಿದು ಅಳುತ್ತಾ ಬಂದಳು. ಅದರ ತುಂಬ ಕೂದಲು. ತಾಯಿಯ ಆಪರೇಷನ್‌ ಹೊತ್ತಿನಲ್ಲಿ ನಿದ್ದೆಗೆಟ್ಟು ಆಸ್ಪತ್ರೆ ಕಾದವಳು ಅವಳೇ. ತಾಯಿ ಎದ್ದು ಓಡಾಡಿದಳು, ಇವಳ ಕೂದಲು ಉದುರತೊಡಗಿತು. ಮನಸ್ಸಿನ ಆಯಾಸಕ್ಕೆ ಹೀಗಾಗುತ್ತದೆ, ಮತ್ತೆ ಬರುತ್ತದೆ ಎಂದರು ಡಾಕ್ಟರು. ಇವಳು ನಂಬಲಿಲ್ಲ. ಬಾಚಣಿಗೆ, ಕನ್ನಡಿ ಎರಡನ್ನೂ ಬಿಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡಳು. ಉದುರುವುದು ನಿಲ್ಲುವ ತನಕ ಶಾಲೆಗೆ ಪಾಠ ಮಾಡಲು ಹೋಗುವುದಿಲ್ಲ ಎಂದು ಕೂತುಬಿಟ್ಟಳು.

ಬಟ್ಟೆಯಿಂದ ಜಾರಿ ನೆಲಕ್ಕೆ ಬಿದ್ದ ಕೂದಲು ಕಂಡು ಇನ್ನಷ್ಟು ಕುಗ್ಗಬಾರದೆಂದು, ಅವಳು ಏಳುವ ಮೊದಲೇ ಪಡಸಾಲೆ ಗುಡಿಸುತ್ತಿದ್ದೆ. ಚಳಿ ಇಳಿಯುವ ಹೊತ್ತಿಗೆ ನೆಲದಲ್ಲಿ ಕೂದಲು ಸಿಗದಾಯಿತು. ನನ್ನಿಂದ ಮುಚ್ಚಿಡಲು ಅವಳೇ ಗುಡಿಸುತ್ತಿದ್ದಾಳೆ ಎಂದುಕೊಂಡು, ಪೊರಕೆ ಮೂಲೆಗಿಟ್ಟೆ.

ಒಂದು ಭಾನುವಾರ ಅವಳು ರೇಗಿದಳು. "ತಾತ, ಸೊಂಟ ನೋವು ಅಂತೀರ, ಕದ್ದು ಕದ್ದು ನನ್ನ ಕೂದ್ಲು ಗುಡಿಸ್ತೀರ!"

"ನಾನೆಲ್ಲಿ ಗುಡಿಸಿದೆ? ನೀನೇ ಅಲ್ವೇನೇ?"

"ನಾನು ಪೊರಕೆ ಮುಟ್ಟೇ ಇಲ್ಲ."

"ಅದಕ್ಕೇ ಕಾಲಿಗೆ ಇಷ್ಟು ಧೂಳು ಹತ್ತೋದು!"

ಇಬ್ಬರೂ ನೆಲ ನೋಡಿದೆವು. ಧೂಳಿತ್ತು, ಕೂದಲಿರಲಿಲ್ಲ. ಅವಳು ನಿಧಾನವಾಗಿ ಬಟ್ಟೆ ಬಿಚ್ಚಿದಳು. ಹಣೆಯ ಅಂಚಿನಲ್ಲಿ ಹೊಸದಾಗಿ ಹುಟ್ಟಿದ ಮೋಟು ಕೂದಲು ನೆಟ್ಟಗೆ ನಿಂತಿತ್ತು.

"ಮಕ್ಕಳು ನಗ್ತಾರೆ, ತಾತ."

"ನಗ್ಲಿ ಬಿಡು. ನನ್ನ ಬೋಡು ತಲೆ ನೋಡಿ ನೀನು ನಕ್ಕಿಲ್ವಾ?"

ಸೋಮವಾರ ಬೆಳಗ್ಗೆ ಅವಳು ಪಡಸಾಲೆ ಗುಡಿಸಿ, ಬರಿದಲೆಯಲ್ಲೇ ಶಾಲೆಗೆ ಹೊರಟಳು.