ಬಾಂಷ್‌ನ ಕಿತ್ತಳೆ, ಮತ್ತು ನನ್ನ ಮಾತು ಕೇಳದ ಲೀವ

ಎಲ್ಲಿಂದ ಶುರು ಮಾಡಲಿ? ಡೋಲಿನಿಂದ ಎಂದುಕೊಂಡೆ. ಬಾಂಷ್ ಊರಿನ ಕಾರ್ನಿವಲ್ ಬಗ್ಗೆ ಬರೆಯುವವರೆಲ್ಲ ಡೋಲಿನಿಂದಲೇ ಶುರು ಮಾಡುತ್ತಾರೆ, ಹಾಗಾಗಿ ಬೇಡ. (ಮೂರು ಡ್ರಾಫ್ಟ್ ಹರಿದು ಹಾಕಿದೆ. ಚೆನ್ನಾಗಿಯೇ ಇದ್ದವು, ಹೊಟ್ಟೆ ಉರಿಯುತ್ತಿದೆ.)

ಲೀವಳಿಂದ ಶುರು ಮಾಡೋಣ. ವಯಸ್ಸು ಮೂವತ್ತೊಂಬತ್ತು, ಊರು ಕಡಲ ದಂಡೆಯ ಒಸ್ಟೆಂಡ್. ಮಂಗಳವಾರ ಮಧ್ಯಾಹ್ನ, ಮೊದಲ ಸಲ ಬಾಂಷ್‌ಗೆ ಬಂದು ಜನಜಂಗುಳಿಯಲ್ಲಿ ನಿಂತಿದ್ದಾಳೆ. ಅವಳು ನಾಲ್ಕು ವರ್ಷದವಳಿದ್ದಾಗ ಮನೆ ಬಿಟ್ಟು ಹೋದ ಅಪ್ಪ ಫೆರ್ನಾನ್ ಈ ಊರಿನವನು. ಇವತ್ತು ಜಿಲ್ ಎಂಬ ಕಾರ್ನಿವಲ್ ವೇಷ ಹಾಕಿ ಕುಣಿಯುವ ಸಾವಿರ ಗಂಡಸರಲ್ಲಿ ಅವನೂ ಒಬ್ಬ. ತನ್ನನ್ನು ಗುರುತು ಹಿಡಿಯುತ್ತಾನೋ ಇಲ್ಲವೋ, ಅಷ್ಟನ್ನು ನೋಡಿಕೊಂಡು ಹೋಗಲು ಬಂದಿದ್ದಾಳೆ.

“ನೀನೇ ಹೋಗಿ ಮಾತಾಡಿಸಬಾರದೇನೇ?” ಎಂದೆ.

“ನೀವು ಸುಮ್ನೆ ಬರೀರಿ,” ಎಂದಳು.

೨. ಜಿಲ್‌ಗಳು ಬಂದರು. ಉಷ್ಟ್ರಪಕ್ಷಿಯ ಬಿಳಿ ಗರಿಗಳ ಟೋಪಿಗಳು ತೇಲುತ್ತ ಬಂದವು. ಕೆಳಗೆ ಮನುಷ್ಯರಿದ್ದಾರೆಂಬುದು ಸ್ವಲ್ಪ ಹೊತ್ತು ಮರೆತೇ ಹೋಯಿತು. ಮರದ ಚಪ್ಪಲಿಗಳು ಕಲ್ಲುಹಾಸನ್ನು ನಿಧಾನವಾಗಿ ಬಡಿಯುತ್ತಿದ್ದವು. ಅವರು ಜನರತ್ತ ಎಸೆದ ಕಿತ್ತಳೆಗಳು ಬಿಸಿಲಿಗೆ ಹಾರಿ, ಇಳಿಯಲು ಮನಸ್ಸಿಲ್ಲದೆ ಮೇಲೆಯೇ ತಡೆದು, ಆಮೇಲೆ ಬೀಳುತ್ತಿದ್ದವು. ತನ್ನ ಕಾಲು ನೆಲದ ಮೇಲಿದೆಯೋ ಇಲ್ಲವೋ ಲೀವಳಿಗೆ ತಿಳಿಯಲಿಲ್ಲ.

ಪಕ್ಕದಲ್ಲಿದ್ದ ಊರಿನ ಮುದುಕಿ ಜಿಸ್ಲೇನ್ ಅವಳ ತೋಳು ತಿವಿದಳು. “ಮೊದಲ್ನೇ ಸಲಾನಾ ತಾಯಿ? ಬಾಯಿ ಮುಚ್ಕೋ, ಹಣ್ಣು ಒಳಗೆ ಹೋದೀತು! ಗುರುತಿಲ್ಲದೋರಿಗೆ ಎಸೀತಾರೆ. ತಮ್ಮೋರಾದ್ರೆ ಕೈಗೇ ಕೊಡ್ತಾರೆ.”

(ಓದುಗರೇ, ಇನ್ನು ಕಥೆ ತಾನಾಗಿಯೇ ನಡೆಯುತ್ತದೆ, ನನಗೇನೂ ಕೆಲಸವಿಲ್ಲ ಎಂದುಕೊಂಡೆ. ಪೆದ್ದ ನಾನು.)

೩. ಕ್ಲೈಮ್ಯಾಕ್ಸ್: ಅಪ್ಪ ನಿಲ್ಲುತ್ತಾನೆ, ಕಣ್ಣು ತುಂಬಿಕೊಂಡು ಕಿತ್ತಳೆಯನ್ನು ಮಗಳ ಕೈಗಿಡುತ್ತಾನೆ.

“ಥೂ, ಸಿನಿಮಾ,” ಎಂದಳು ಲೀವ. ಬರೆದದ್ದನ್ನು ಹೊಡೆದು ಹಾಕಿದೆ.

೫. (ನಾಲ್ಕು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಅಪ್ಪ ಸತ್ತಿದ್ದ. ಅವಳು ನನ್ನ ಜೊತೆ ಮಾತು ಬಿಟ್ಟಳು.)

ಅವಳ ಬಳಿಯಿದ್ದ ಹಳೆಯ ಫೋಟೋದ ಅದೇ ಮುಖ, ಲೀವಳದೇ ಮೂಗು. ಫೆರ್ನಾನ್ ಎದುರಿಗೆ ಬಂದ. ಅವಳನ್ನು ನೋಡಿದ. ಬುಟ್ಟಿಗೆ ಕೈ ಹಾಕಿ ಒಂದು ಕಿತ್ತಳೆ ತೆಗೆದ. ಎಸೆದ.

ಲೀವ ಹಿಡಿದಳು. ಮೂವತ್ತೈದು ವರ್ಷದ ಸಿಟ್ಟು ಒಮ್ಮೆಗೇ ಉಕ್ಕಿ ಬಂತು. ಅದೇ ಹಣ್ಣನ್ನು ತಿರುಗಿ ಅವನ ಮೇಲೆಯೇ ಒಗೆದಳು. ಇದನ್ನು ನಾನು ಬರೆದಿರಲಿಲ್ಲ.

“ಅಯ್ಯೋ ಪಾಪಿ!” ಜಿಸ್ಲೇನ್ ಕಿರುಚಿದಳು. “ಜಿಲ್ ಕೊಟ್ಟಿದ್ದನ್ನ ವಾಪಸ್ ಎಸೀತಾರೇನೇ? ಮುಖಕ್ಕೆ ಉಗಿದ ಹಾಗೆ ಕಣೇ ಅದು!”

ಫೆರ್ನಾನ್ ಹಣ್ಣು ಹಿಡಿದುಕೊಂಡು ಸಾಲು ಬಿಟ್ಟು ಹೊರಬಂದ. ಜಿಲ್ ಆದವನು ಡೋಲಿಲ್ಲದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಡೋಲಿನವನು ಬೈದುಕೊಳ್ಳುತ್ತ, ಬಾರಿಸುತ್ತ ಹಿಂದೆಯೇ ಓಡಿ ಬಂದ. ಅಪ್ಪ ಅವಳ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಕಿತ್ತಳೆ ಇಟ್ಟ. ಏನೋ ಹೇಳಿದ, ಡೋಲಿನ ಸದ್ದಿಗೆ ಅವಳಿಗೂ ಕೇಳಲಿಲ್ಲ. ಸಾಲಿಗೆ ಮರಳಿ ಹೋದ.

ಹೊರಗಿನವಳಿಗೆ ಊರಿನ ಮರ್ಯಾದೆ ಕಲಿಸಿದನೋ, ಮಗಳ ಕೈಗೆ ಕೊಟ್ಟನೋ?

“ಗುರುತು ಹಿಡಿದನಾ ಲೀವ?” ಎಂದು ಕೇಳಿದೆ.

ಅವಳು ಅಳುತ್ತಿದ್ದಳು. “ಗೊತ್ತಿಲ್ಲ,” ಎಂದಳು. “ನೀವು ಬರೆದುಬಿಟ್ರೆ ಗೊತ್ತಾಗಿಬಿಡತ್ತೆ. ದಯವಿಟ್ಟು ಬರೀಬೇಡಿ.”