ಆಕಾಶಕ್ಕೆ ಸಿರುಗುಪ್ಪ ಸೇರಿದ್ದು

ಅದಿರಿನ ಕಾಲದಲ್ಲಿ ಬಳ್ಳಾರಿಯಲ್ಲಿ ಬಿಳಿ ಕೋಳಿ ಇರಲಿಲ್ಲ. ಹುಟ್ಟುವಾಗ ಬಿಳಿ ಇದ್ದವೂ ರಸ್ತೆ ದಾಟುವಷ್ಟರಲ್ಲಿ ಕೆಂಪಾಗುತ್ತಿದ್ದವು. ಅವುಗಳ ಮೊಟ್ಟೆಯಿಂದ ಆಮ್ಲೆಟ್ ಮಾಡಿದರೆ ಅಯಸ್ಕಾಂತ ಅಂಟುತ್ತಿತ್ತು. ನಂಬದವರು ಆಗ ಬಳ್ಳಾರಿಗೆ ಬಂದವರಲ್ಲ, ಅಷ್ಟೇ.

ಊರ ಹೊರಗಿನ ಲಾರಿ ಕಾಟಾದಲ್ಲಿ ಸಿರುಗುಪ್ಪದ ಇನಾಯತ್ ತೂಕ ಬರೆಯುತ್ತಿದ್ದ. ಗಾಜಿನ ಗೂಡು, ಒಂದು ಕುರ್ಚಿ, ಹಿಂದೆ ಗುರುಗುಟ್ಟುವ ಜನರೇಟರ್. ಲಾರಿ ಬಂದು ಕಾಟಾದ ಮೇಲೆ ನಿಲ್ಲುತ್ತದೆ, ಡ್ರೈವರ್ ಕೂತಲ್ಲಿಂದಲೇ "ಎಷ್ಟ್ ಬಂತು?" ಅನ್ನುತ್ತಾನೆ, ಇವನು ಕಿಟಕಿಯಿಂದ ಚೀಟಿ ಚಾಚುತ್ತಾನೆ, ಲಾರಿ ಹೋಗುತ್ತದೆ. ದಿನಕ್ಕೆ ಅರ್ಧ ಗುಡ್ಡ ಅವನ ಕಣ್ಣೆದುರೇ ಹೋಗುತ್ತಿತ್ತು. ಚಹಾ ಆಯಿತೇ ಎಂದು ಕೇಳುವವರು ಮಾತ್ರ ಆ ಗುಡ್ಡದಲ್ಲಿ ಯಾರೂ ಇರಲಿಲ್ಲ.

ಹೊತ್ತು ಕಳೆಯಲು ಅವನು ಒಂದು ಹಳೇ ಕಂಪ್ಯೂಟರ್ ತಂದು ಮೂಲೆಯಲ್ಲಿ ಇಟ್ಟುಕೊಂಡಿದ್ದ. ಅದರಲ್ಲಿ ಆಕಾಶ ತೋರಿಸುವ ಒಂದು ಪುಕ್ಕಟೆ ಪ್ರೋಗ್ರಾಂ ಇತ್ತು. ಪಟ್ಟಿಯಲ್ಲಿ ಊರು ಆರಿಸಿದರೆ ಆ ಊರಿನ ನಕ್ಷತ್ರಗಳು ಬರುತ್ತವೆ. ಲಂಡನ್ ಇತ್ತು, ಬಳ್ಳಾರಿಯೂ ಇತ್ತು, ಸಿರುಗುಪ್ಪ ಇರಲಿಲ್ಲ. ಇನಾಯತ್ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಪ್ರೋಗ್ರಾಂ ನೋಡಿಕೊಳ್ಳುವವರಿಗೆ ಬರೆದ. ಹಿಮ ಬೀಳುವ ಯಾವುದೋ ದೇಶದಿಂದ ಮಾರ್ಕೊ ಎಂಬವನ ಉತ್ತರ ಬಂತು: "ಪ್ರೋಗ್ರಾಂ ಬರೆದಿರುವ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ನೀವೇ ಸೇರಿಸಬಹುದು. ಆದರೆ ನಿಮ್ಮ ಯಂತ್ರದಲ್ಲೇ ಬಿಲ್ಡ್ ಮಾಡಿ, ಅಂದರೆ ಆ ಕೋಡಿನಿಂದ ಪ್ರೋಗ್ರಾಂ ಕಟ್ಟಿ, ಓಡುವುದನ್ನು ನೋಡಿ, ಆಮೇಲೆ ಕಳಿಸಿ. ಶನಿವಾರ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ನಿಮ್ಮಲ್ಲಿ ಹವೆ ಹೇಗಿದೆ?"

ಆ ಕೊನೆಯ ಸಾಲನ್ನು ಇನಾಯತ್ ಮತ್ತೆ ಮತ್ತೆ ಓದಿದ. ಆ ವರ್ಷ ತೂಕ ಬಿಟ್ಟು ಬೇರೇನನ್ನಾದರೂ ಅವನನ್ನು ಕೇಳಿದ ಮೊದಲ ಮನುಷ್ಯ ಮಾರ್ಕೊ. ಶನಿವಾರ ತಪ್ಪಿದರೆ ಇಂಥ ಮನುಷ್ಯನಿಗೆ ಬರೆಯಲು ಇನ್ನೊಂದು ನೆಪ ಎಲ್ಲಿಂದ ತರುವುದು?

ಸೇರಿಸಬೇಕಾದದ್ದು ಒಂದೇ ಸಾಲು. ಆ ಸಾಲನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲರ್ ಬೇಕು. ಕಂಪೈಲರ್ ಬಂದು, ಲೈಬ್ರರಿ ಎಂಬ ಜೊತೆ ಪ್ರೋಗ್ರಾಂ ಎಲ್ಲಿ ಎಂದಿತು. ಲೈಬ್ರರಿ ಬಂದು, ನನ್ನ ಅಣ್ಣನನ್ನು ಕರೆಯದೆ ಒಳಗೆ ಕಾಲಿಡುವುದಿಲ್ಲ ಎಂದಿತು. ಅಣ್ಣ ಬಂದರೆ ಅವನ ಸಡ್ಡಕ ಬೇಕು, ಅದೂ ಹಳೇ ಸಡ್ಡಕನೇ ಬೇಕು. ಡಾಟಾ ಕಾರ್ಡಿನ ನೆಟ್ಟು ತೂತು ಬಿಂದಿಗೆಯ ನೀರಿನ ಹಾಗೆ ತೊಟ್ಟಿಕ್ಕುತ್ತಿತ್ತು. ಇಡೀ ಬೀಗರ ಬಳಗ ಬಂದು ಕೂತ ಮೇಲೆ, ಗುರುವಾರ ಬೆಳಿಗ್ಗೆ ಬಿಲ್ಡ್ ಶುರುವಾಯಿತು.

ಆಗ ಅವನಿಗೆ ಧೂಳಿನ ಚಿಂತೆ ಹತ್ತಿತು. ಬಳ್ಳಾರಿಯಲ್ಲಿ ಧೂಳು ತಡೆಯುವ ಕ್ರಮ ಒಂದೇ. ನೀರಿನ ಕೊಡ, ಕಿಟಕಿ, ಹೋಟೆಲಿನ ಬಜ್ಜಿ ಬುಟ್ಟಿ, ಎಲ್ಲಕ್ಕೂ ಹಸಿ ಬಟ್ಟೆ. ಇನಾಯತ್ ಒಂದು ಗೋಣಿಚೀಲ ತೋಯಿಸಿ, ಹಿಂಡಿ, ಕಂಪ್ಯೂಟರಿಗೆ ಅಕ್ಕರೆಯಿಂದ ಹೊದಿಸಿದ. ಬಿಲ್ಡ್ ಮುಗಿಯಲು ಸ್ವಲ್ಪವೇ ಉಳಿದಿತ್ತು. ಯಂತ್ರ ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು.

ಅದನ್ನು ಹೆಗಲ ಮೇಲೆ ಹೊತ್ತು ಪೇಟೆಯ ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯ ಅಂಜಿನಪ್ಪ ಡಬ್ಬಿ ಬಿಚ್ಚಿ, ಒಳಗೆ ಬೆರಳಾಡಿಸಿ, ಕೆಂಪು ರಾಡಿ ಎತ್ತಿ ತೋರಿಸಿದ.

"ಏನ್ರಿ ಸಾಹೇಬ್ರ, ಈ ಅದಿರ್ನ ಸಾಗ್ಸಾಕ ಪರ್ಮಿಟ್ ಐತೇನ್ರಿ?"

"ಧೂಳ್ ಹೋಗಬಾರ್ದಂತ ಹಸಿ ಗೋಣಿ ಹೊದಿಸಿದ್ದೆ."

"ಭೇಷ್. ಉಸಿರ್ ಕಟ್ಟಿ, ಬಿಸಿಯಾಗಿ ನಿಂತೈತಿ. ನಿಮ್ ಮುಖಕ್ಕ ಹೊದ್ಕೊಂಡ್ ಮಲಗ್ರಿ ಒಮ್ಮಿ, ಗೊತ್ತಾಕ್ಕತಿ."

"ಸತ್ತಿಲ್ಲಲ್ಲ?"

"ಇಲ್ರಿ, ಮುನಿಸ್ಕೊಂಡೈತಿ. ತೊಳ್ದು ಒಣಗಿಸ್ತೀನಿ. ಅರ್ಜಂಟ್ ಏನೈತಿ? ಕಾಟಾದ್ ಲೆಕ್ಕನಾ?"

"ಅಲ್ಲ. ಆಕಾಶಕ್ಕ ನಮ್ಮೂರ ಸೇರಿಸಬೇಕು, ಶನಿವಾರದೊಳಗ."

ಅಂಜಿನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಿಸ್ಲಾಗ ಬಾಳ ಅಡ್ಡಾಡ್ಬ್ಯಾಡ್ರಿ," ಎಂದ.

ಶನಿವಾರ ಮಧ್ಯಾಹ್ನ, ಮೈಮೇಲೆ ಏನೂ ಹೊದ್ದುಕೊಳ್ಳದೆ, ಯಂತ್ರ ಬಿಲ್ಡ್ ಮುಗಿಸಿತು. ಪಟ್ಟಿಯಲ್ಲಿ ಸಿರುಗುಪ್ಪ ಬಂದಿತ್ತು. ಯಾರಿಗಾದರೂ ತೋರಿಸಲೇಬೇಕು ಅನ್ನಿಸಿ, ಆಗ ಕಾಟಾದ ಮೇಲೆ ನಿಂತಿದ್ದ ಲಾರಿಯಿಂದ ಅದರ ಡ್ರೈವರ್, ತನ್ನೂರಿನವನೇ ಆದ ಸುಂಕಣ್ಣನನ್ನು ಇಳಿಸಿ ಗೂಡಿಗೆ ಕರೆತಂದ.

"ನೋಡ್ ಸುಂಕಣ್ಣ, ನಮ್ಮ ಸಿರುಗುಪ್ಪ!"

"ಎಲ್ಲೈತಲೇ? ರೈಸ್‌ಮಿಲ್ ಕಾಣವಲ್ದು."

"ಇದು ಮ್ಯಾಲಿಂದು. ಆಕಾಶ."

"ಆಕಾಶ ಎಲ್ಲಾ ಊರಾಗೂ ಒಂದ ಅಲ್ಲೇನು?" ಸುಂಕಣ್ಣ ಕುತ್ತಿಗೆಯ ಧೂಳು ಒರೆಸಿಕೊಂಡ. "ಹಿಂದ್ ಹಾರ್ನ್ ಹೊಡಿಯಾಕ ಹತ್ಯಾರ. ತೂಕ ಎಷ್ಟ್ ಬಂತು, ಅದನ್ ಹೇಳು."

ಇನಾಯತ್ ಚೀಟಿ ಕೊಟ್ಟ. ಲಾರಿ ಹೋಯಿತು. ಅವನು ಕುರ್ಚಿಗೆ ಮರಳಿ ಆ ಒಂದು ಸಾಲನ್ನು ಮಾರ್ಕೊಗೆ ಕಳಿಸಿದ, ಜೊತೆಗೆ ಹವೆ ಕೆಂಪಾಗಿದೆ ಎಂದೂ ಬರೆದ. ಸಂಜೆಯೊಳಗೆ ಉತ್ತರ ಬಂತು: "ಸೇರಿಸಿದೆ. ಕೆಂಪು ಹವೆ ಎಂದರೇನು? ನಿಮ್ಮ ಕಡೆಯ ಬೇರೆ ಊರುಗಳೂ ಬಿಟ್ಟುಹೋಗಿವೆಯೇ? ಮುಂದಿನ ಆವೃತ್ತಿಗೆ ಹಾಕೋಣ."

ಬಿಟ್ಟುಹೋಗಿದ್ದವು. ಕುರುಗೋಡು ಇರಲಿಲ್ಲ, ಕರೂರು ಇರಲಿಲ್ಲ, ರಾರಾವಿ ಇರಲಿಲ್ಲ. ಇನಾಯತ್ ಎಲ್ಲವನ್ನೂ ಒಂದೇ ಪತ್ರದಲ್ಲಿ ಟೈಪ್ ಮಾಡಿದ. ಕಳಿಸುವ ಮೊದಲು ಪಟ್ಟಿಯನ್ನು ಇನ್ನೊಮ್ಮೆ ಓದಿದ. ಎಲ್ಲ ಊರೂ ಒಟ್ಟಿಗೆ ಹೋದರೆ ಬರುವ ಉತ್ತರವೂ ಒಂದೇ.

ಹಿಂದಿನಿಂದ ಒಂದೊಂದೇ ಊರು ಅಳಿಸುತ್ತ ಬಂದು ಕುರುಗೋಡನ್ನು ಮಾತ್ರ ಉಳಿಸಿದ. ಕೆಂಪು ಹವೆ ಎಂದರೇನು ಎಂಬುದನ್ನು ಉದ್ದಕ್ಕೆ ವಿವರಿಸಿ ಕಳಿಸಿದ. ಕರೂರನ್ನು ಬರುವ ವಾರಕ್ಕೆ ಇಟ್ಟುಕೊಂಡ, ರಾರಾವಿಯನ್ನು ಅದರಾಚೆಯ ವಾರಕ್ಕೆ.